ಅಂಗೈಯಗಲ ಅಮ್ಮನ ಪಾಲು

ಆಗಸ್ಟ್ ೧೦, ೨೦೨೪

ಮೂರು ಬ್ಲೌಸ್ ಮುಗಿಯಿತು. ನಾಲ್ಕನೆಯದಕ್ಕೆ ಹುಕ್ ಬಾಕಿ. ಸಾಯಂಕಾಲ ಮತ್ತೆ ಕರೆಂಟ್ ಹೋಯಿತು. ಕಟಿಂಗ್ ಮಾಸ್ಟರ್ ಸೆಲ್ವರಾಜಣ್ಣ ಗೊಣಗುತ್ತಾ ಷಟರ್ ಎಳೆದರು. ಆಂಡರ್ಸನ್‌ಪೇಟೆಯಿಂದ ಕ್ಯಾಸಂಬಳ್ಳಿ ಬಸ್ಸು. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಕೂರಲಿಲ್ಲ, ನಿಂತೇ ಬಂದೆ. ಗಾಳಿಗೆ ಕೂದಲು ಹಾರಿದರೆ ಎಡಗಿವಿಯ ಮೇಲಿನ ಬೋಳು ಕಾಣುತ್ತದೆ. ಮೂವತ್ತೆರಡು ವರ್ಷದ ಹೆಂಗಸು, ಬಸ್ಸಿನ ಗಾಳಿಗೆ ಹೆದರುತ್ತೇನೆ. ನಗು ಬರುತ್ತದೆ, ಆದರೂ ಕೂರಲಾರೆ.

ಹಳೇ ಚಿನ್ನದ ಗಣಿಯ ಮರಳು ಸುರಿದ ಸೈನೈಡ್ ದಿಬ್ಬದ ಮೇಲೆ ಬಿಸಿಲು ಇಳಿಯುತ್ತಿತ್ತು. ಬೂದಿಯಿಂದ ಕೆನೆಬಣ್ಣಕ್ಕೆ, ಕೆನೆಯಿಂದ ಗುಲಾಬಿಗೆ... ಆ ಬಣ್ಣದ ಬಟ್ಟೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ನೋಡುತ್ತಾ ನೋಡುತ್ತಾ ನನ್ನ ಸ್ಟಾಪ್ ದಾಟಿಹೋಯಿತು. ವಾಪಸ್ ನಡೆದುಕೊಂಡು ಬಂದೆ.

ಆಗಸ್ಟ್ ೧೧, ಭಾನುವಾರ

ಎಣ್ಣೆಸ್ನಾನ. ಅಮ್ಮ ಜಗಲಿ ಮೇಲೆ, ನಾನು ಕೆಳಗಿನ ಮೆಟ್ಟಿಲ ಮೇಲೆ. ಮೊದಲು ಇಡೀ ತಲೆಗೆ ಹಚ್ಚುತ್ತಾಳೆ, ಕೊನೆಗೆ ಬೋಳಿನ ಮೇಲೆ ಅಂಗೈ ಇಡುತ್ತಾಳೆ. ಸರಿಯಾಗಿ ಅಂಗೈಯಗಲ. ಅಲ್ಲಿಂದ ಕೈ ತೆಗೆಯಲು ಅವಳಿಗೆ ಅವಸರವೇ ಇಲ್ಲ. ಇವತ್ತೂ ಅದೇ ಮಾತು — "ಇದು ನಂದು. ನನ್ ಪಾಲಿಗೆ ಎಣ್ಣೆ ಜಾಸ್ತಿ ಬೇಕು."

ನನಗೆ ಆರು ವರ್ಷ ಇದ್ದಾಗ ಮುದ್ದೆಗಿಟ್ಟ ಎಸರು ನನ್ನ ಮೇಲೆ ಬಿತ್ತು. ಅಮ್ಮ ಒಲೆಯಿಂದ ಪಾತ್ರೆ ಇಳಿಸುತ್ತಿದ್ದಳು, ಮಸಿಬಟ್ಟೆ ಜಾರಿತು, ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ತಲೆಯ ಗಾಯ ಕೀವಾಯಿತು. ದೊಡ್ಡಾಸ್ಪತ್ರೆಯಲ್ಲಿ ಅಮ್ಮನ ತೊಡೆಯಿಂದ ಚರ್ಮ ತೆಗೆದು ನನಗೆ ಹಾಕಿದರು. ಊರಲ್ಲಿ ಎಲ್ಲರಿಗೂ ಗೊತ್ತು. ನನಗೆ ಅಲ್ಲಿ ಕಡಿತ ಬಂದರೆ ಅಮ್ಮ ತನ್ನ ತೊಡೆ ಕೆರೆದುಕೊಂಡು ನಗಿಸುತ್ತಾಳೆ.

ಆದರೆ ಇವತ್ತಿಗೂ ಎಸರು ಇಳಿಸುವ ಮುಂಚೆ — "ಆಚೆ ಓಗಮ್ಮ." ನಾನು ಜಗಲಿಗೆ ಹೋದ ಮೇಲೆಯೇ ಪಾತ್ರೆ ಮುಟ್ಟುವುದು. ಇಪ್ಪತ್ತಾರು ವರ್ಷ, ಒಂದು ದಿನವೂ ತಪ್ಪಿಲ್ಲ. ಈ ಮನೆಯಲ್ಲಿ ಹುಟ್ಟಿ ನನಗೆ ಮುದ್ದೆ ತಿರುವಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಆಗಸ್ಟ್ ೧೪

ಜ್ಯೋತಿಲಕ್ಷ್ಮಿ ಮೇಡಂ ಫಿಟ್ಟಿಂಗ್‌ಗೆ ಬಂದಿದ್ದರು. ಬಂಗಾರಪೇಟೆಯಲ್ಲಿ ಟೀಚರ್. ಮೊಬೈಲಲ್ಲಿ ಗಂಡನ ಫೋಟೋ ತೋರಿಸಿದರು. ಮುಂದಲೆ ಬೋಳಾಗಿತ್ತು; ಹಿಂದಲೆಯಿಂದ ಕೂದಲು ತೆಗೆದು ಮುಂದೆ ನೆಟ್ಟಿದ್ದಾರೆ. ಈಗ ದಿನಾ ಬೆಳಿಗ್ಗೆ ಅರ್ಧ ಗಂಟೆ ಕನ್ನಡಿ ಬಿಟ್ಟು ಕದಲುವುದಿಲ್ಲವಂತೆ. ಇಬ್ಬರೂ ನಕ್ಕೆವು. ಆಮೇಲೆ, ಕನ್ನಡಿಯಲ್ಲಿ ತೋಳಿನ ಅಳತೆ ನೋಡಿಕೊಳ್ಳುತ್ತಾ, ಸುಟ್ಟ ಗಾಯದ ಮೇಲೂ ನೆಡುತ್ತಾರಂತೆ ಎಂದರು. ನನ್ನ ಕಡೆ ನೋಡಲಿಲ್ಲ.

ಅಂಗಡಿಗೆ ಬರುವ ಯಾರಿಗೂ ನನ್ನ ಬೋಳು ಗೊತ್ತಿಲ್ಲ ಎಂದುಕೊಂಡಿದ್ದೆ. ಡಾಕ್ಟರ್ ನಂಬರ್ ಅವರ ಅಳತೆಯ ಪಕ್ಕದಲ್ಲೇ ಬರೆದುಕೊಂಡೆ.

ಆಗಸ್ಟ್ ೨೬

ಬಂಗಾರಪೇಟೆಯಿಂದ ಬೆಳಗಿನ ಟ್ರೈನ್. ಬೇಡ ಎಂದರೂ ಅಮ್ಮ ಹೊರಟಳು. ಬೆಂಗಳೂರಿನ ಆಸ್ಪತ್ರೆ, ತಣ್ಣನೆಯ ಕಾರಿಡಾರ್. ಅಮ್ಮ ಹೊರಗೆ ಬೆಂಚಿನ ಮೇಲೆ, ನಾನೊಬ್ಬಳೇ ಒಳಗೆ.

ಡಾಕ್ಟರ್ ಅರುಣಕುಮಾರಿ. ಮೃದು ಕೈ. ಬೋಳನ್ನು ಒತ್ತಿ, ಮೆಲ್ಲಗೆ ಚಿವುಟಿ ನೋಡಿದರು. ಕಸಿ ಮಾಡಿದ ಚರ್ಮ ತೆಳುವಾಗಿರುತ್ತದೆ, ರಕ್ತದ ಓಡಾಟ ಕಡಿಮೆ. ಮೊದಲು ಐವತ್ತು ಕೂದಲು ನೆಟ್ಟು ನೋಡೋಣ, ಅದು ಹಿಡಿದರೆ ಉಳಿದದ್ದು ಎಂದರು. ಚರ್ಮ ಎಲ್ಲಿಂದ ತೆಗೆದಿದ್ದು ಎಂದು ಕೇಳಿದರು. ಅಮ್ಮನ ತೊಡೆಯಿಂದ ಎಂದೆ.

ಪೆನ್ ಕೆಳಗಿಟ್ಟರು. ನಿಮ್ಮ ತೊಡೆಯ ಮೇಲೆ ಗುರುತು ಇದೆಯಾ ಎಂದರು. ಇದೆ, ಬಲಗಡೆ. ಅಲ್ಲಿಗೂ ನೀರು ಹಾರಿತ್ತು ಎಂದು ಅಮ್ಮ ಹೇಳಿದ್ದಾಳೆ. ಪರದೆ ಹಿಂದೆ ತೋರಿಸಿದೆ.

"ನೀರು ಹೀಗೆ ನೇರ ಗೆರೆ ಎಳೆದು ಸುಡಲ್ಲ, ತ್ರಿವೇಣಿ. ಇದು ಬ್ಲೇಡಲ್ಲಿ ತೆಗೆದಿರೋದು. ನಿಮ್ಮ ತಲೆ ಮೇಲಿರೋದು ನಿಮ್ಮದೇ ಚರ್ಮ."

ಇನ್ನೊಬ್ಬರ ಚರ್ಮವನ್ನು ಮೈ ಒಪ್ಪುವುದಿಲ್ಲವಂತೆ, ಹೆತ್ತವಳದಾದರೂ. ಎರಡು ಮೂರು ವಾರ ಗಾಯವನ್ನು ಮುಚ್ಚಿ ಕಾಯುತ್ತದೆ, ಆಮೇಲೆ ಕಳಚಿ ಬೀಳುತ್ತದೆ. ಅಷ್ಟರಲ್ಲಿ ಮಗು ಸ್ವಲ್ಪ ಚೇತರಿಸಿಕೊಂಡಿರುತ್ತದೆ, ಅದರ ಮೈಯಿಂದಲೇ ತೆಗೆದು ಹಾಕುತ್ತಾರೆ. ಕೂದಲೂ ಅಷ್ಟೆ. ಸ್ವಂತದ್ದೇ ಆಗಬೇಕು.

ಹೊರಗೆ ಬಂದೆ. ಅಮ್ಮ ಎದ್ದು ನಿಂತಳು. "ನನ್ ಪಾಲು ಎಂಗೈತಂತೆ?"

ಚೆನ್ನಾಗಿದೆಯಂತೆ ಎಂದೆ.

ಅದೇ ದಿನ, ಟ್ರೈನಿನಲ್ಲಿ

ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ. ಅವಳ ಬಾಯಿ ಸ್ವಲ್ಪ ತೆರೆದಿದೆ.

ನಾನು ಟೈಲರ್. ಹರಿದ ಅಂಚು ಯಾವುದು, ಕತ್ತರಿಸಿದ ಅಂಚು ಯಾವುದು, ಕಣ್ಣು ಮುಚ್ಚಿ ಹೇಳುತ್ತೇನೆ. ನನ್ನ ತೊಡೆಯ ಗುರುತು ಮೂರು ಬೆರಳಗಲ, ಗೇಣುದ್ದ, ನಾಲ್ಕೂ ಮೂಲೆ ಸರಿ. ದಿನಾ ಸ್ನಾನದಲ್ಲಿ ನೋಡಿದ್ದೇನೆ. ಒಂದು ದಿನವೂ ನೋಡಲಿಲ್ಲ.

ಅಮ್ಮನಿಗೆ ಹೇಳುವುದು ಹೇಗೆ? ಎಸರು ಚೆಲ್ಲಿದ್ದಕ್ಕೆ ಅವಳು ತನ್ನ ಮೈಯನ್ನೇ ಕೊಟ್ಟಿದ್ದಾಳೆ, ಕೊಟ್ಟದ್ದು ಇನ್ನೂ ನನ್ನ ತಲೆ ಮೇಲಿದೆ ಎಂದುಕೊಂಡೇ ಬದುಕಿದ್ದಾಳೆ. ಅದು ಮೂರೇ ವಾರಕ್ಕೆ ಕಸದ ಬುಟ್ಟಿಗೆ ಹೋಯಿತು ಎಂದರೆ ಅವಳ ಹತ್ತಿರ ಉಳಿಯುವುದು ಎಸರು ಮಾತ್ರ. ಹೇಳುವುದಿಲ್ಲ. ನಾನಂತೂ ಸಾಯುವ ತನಕ ಹೇಳುವುದಿಲ್ಲ.

ಸೆಪ್ಟೆಂಬರ್ ೩

ಕನಸು. ಟೇಪು ಹಿಡಿದು ಅಮ್ಮನ ತೊಡೆಯ ಗುರುತು ಅಳೆಯುತ್ತಿದ್ದೇನೆ. ಪ್ರತಿ ಸಲ ಬೇರೆ ಅಳತೆ. ಆಮೇಲೆ ಸೈನೈಡ್ ದಿಬ್ಬ. ಅದರ ಮೇಲೆ ಯಾರೋ ತೆಳ್ಳನೆಯ ಬಟ್ಟೆ ಒಣಹಾಕಿದ್ದಾರೆ, ಆ ಸಂಜೆಯ ಗುಲಾಬಿ ಬಣ್ಣದ್ದು. ಗಾಳಿ ಏಳುತ್ತದೆ. ಅಮ್ಮ ಬಟ್ಟೆಯ ಮೇಲಿಡಲು ಕಲ್ಲು ಹುಡುಕುತ್ತಿದ್ದಾಳೆ, ದಿಬ್ಬದ ತುಂಬ ಬರೀ ನುಣ್ಣನೆಯ ಮರಳು. ನಾನು ಕೂಗಬೇಕು, ಬಾಯಲ್ಲಿ ಗುಂಡುಸೂಜಿಗಳಿವೆ...

ಎದ್ದಾಗ ಅಮ್ಮ ಹಾಲು ಕರೆದು ಡೈರಿಗೆ ಹೊರಟಿದ್ದಳು. ಕ್ಯಾನಿನ ಸದ್ದು ದೂರವಾಗುವ ತನಕ ಹಾಸಿಗೆಯಲ್ಲೇ ಇದ್ದೆ.

ಸೆಪ್ಟೆಂಬರ್ ೧೬

ನೆಟ್ಟರು. ಐವತ್ತು.

ಬೆಳಿಗ್ಗೆ ಅಮ್ಮ ಸೀಗೆಕಾಯಿ ಹಾಕಿ ತಲೆ ತೊಳೆದು, ಎಣ್ಣೆ ಮುಟ್ಟಿಸದೆ ಜಡೆ ಹಾಕಿಕೊಂಡು ಬಂದಿದ್ದಳು. ಯಾಕೆಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಡಾಕ್ಟರ ಮುಂದೆ ಜಡೆ ಎದೆಯ ಮೇಲೆ ತಂದುಕೊಂಡು, ಚರ್ಮ ಕೊಟ್ಟವಳು ನಾನೇ, ಕೂದಲೂ ನನ್ನದೇ ತಗೊಳ್ಳಿ ಎಂದಳು. ಪುಣ್ಯಕ್ಕೆ ಹಿಂದಿನ ವಾರವೇ ಫೋನ್ ಮಾಡಿ ಡಾಕ್ಟರನ್ನು ಬೇಡಿಕೊಂಡಿದ್ದೆ, ಅಮ್ಮನಿಗೆ ಏನೂ ಹೇಳಬೇಡಿ ಎಂದು. ಅವರು ಜಡೆ ಮುಟ್ಟಿ ನೋಡಿ, ನಿಮ್ಮದು ಬೆಳ್ಳಗಾಗಿದೆಯಲ್ಲಮ್ಮ, ಮಗಳಿಗೆ ಕಪ್ಪು ಬೇಕು ಎಂದರು. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ಬೇಗ ನಿಂತಿತು.

ಬೋರಲು ಮಲಗಿಸಿದರು. ನಾಲ್ಕು ಸಲ ಸೂಜಿಯ ಉರಿ, ಆಮೇಲೆ ನನ್ನ ಹಿಂದಲೆ ನನ್ನದಲ್ಲ. ಸಣ್ಣ ಯಂತ್ರ ಗುಂಯ್ ಎಂದು ಒಂದೊಂದೇ ಕೂದಲಿನ ಸುತ್ತ ಕೊರೆಯುತ್ತಿತ್ತು. ಬೇರುಸಹಿತ ಎತ್ತಿದ್ದನ್ನು ಮುನಿಲಕ್ಷ್ಮಿ ಎಂಬ ಟೆಕ್ನೀಷಿಯನ್ ತಣ್ಣನೆಯ ಸಲೈನಿನಲ್ಲಿ ಸಾಲಾಗಿ ಇಡುತ್ತಿದ್ದಳು. ಕೇಳಿದ್ದಕ್ಕೆ ಒಂದನ್ನು ತೋರಿಸಿದಳು. ಕಪ್ಪು ದಾರದ ತುದಿಗೆ ಹಾಕಿದ ಗಂಟಿನಷ್ಟು ಬೇರು. ಆಮೇಲೆ ಬೋಳಿನ ಮೇಲೆ ತೂತು ಮಾಡಿ, ಸುತ್ತಲಿನ ಕೂದಲು ಯಾವ ಕಡೆ ಮಲಗಿದೆಯೋ ಅದೇ ಕಡೆಗೆ ಓರೆಯಾಗಿ ಕೂರಿಸಿದರು. ಎಳೆ ನೋಡಿ ಹೊಲಿಯುವುದು. ನಾನೂ ಅದನ್ನೇ ಮಾಡುತ್ತೇನೆ.

ಮಂಪರು. ಎಣಿಸುವ ದನಿ ದೂರದಿಂದ ಬರುತ್ತಿತ್ತು, ಇಪ್ಪತ್ತೊಂದು... ಇಪ್ಪತ್ತೆರಡು... ಟ್ರೈನ್ ಎಲ್ಲೋ ನಿಂತಿದೆ, ಯಾವ ಊರೋ ಗೊತ್ತಿಲ್ಲ, ಇಳಿಯಬೇಕಾಗಿಯೂ ಇಲ್ಲ. ಅಷ್ಟು ನೆಮ್ಮದಿ ಈಚೆಗೆ ಕಂಡಿರಲಿಲ್ಲ.

ಒಂದು ಚೀಟಿ ಕೊಟ್ಟಿದ್ದಾರೆ. ಮೂರು ವಾರ ಎಣ್ಣೆ ಬೇಡ. ಮೂರನೇ ವಾರದ ಹೊತ್ತಿಗೆ ನೆಟ್ಟ ಕೂದಲು ಉದುರುತ್ತದೆ, ಬೇರು ಒಳಗೇ ಇರುತ್ತದೆ, ನಾಲ್ಕನೇ ತಿಂಗಳು ಹೊಸದು. ಗಾಬರಿ ಬೇಡ — ಕೆಳಗೆ ಎರಡು ಗೆರೆ.

ಸೆಪ್ಟೆಂಬರ್ ೨೨, ಭಾನುವಾರ

ಎಣ್ಣೆ ಇಲ್ಲ. ಅಮ್ಮ ಜಗಲಿ ಮೇಲೆ ಸುಮ್ಮನೆ ಕೂತಿದ್ದಳು. ಕೈ ಸುಮ್ಮನಿರಲಿಲ್ಲ, ಹೋಗಿ ಕರುವಿನ ತಲೆಗೆ ಹಚ್ಚಿದಳು. ಅಪ್ಪ ನೋಡಿ, ನಂಗೂ ಸ್ವಲ್ಪ ಹಚ್ಚು ಎಂದರು. ಬೈಸಿಕೊಂಡರು.

ಅಕ್ಟೋಬರ್ ೬, ಭಾನುವಾರ, ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯಬೇಕು.

ಮೂರು ವಾರದ ಮೇಲೆ ಮೊದಲ ಎಣ್ಣೆ. ಅಮ್ಮನ ಬೆರಳು ಬೋಳಿನ ಮೇಲೆ ಹೋಗಿ ನಿಂತುಬಿಟ್ಟಿತು. ಅಂಗೈ ಮುಂದೆ ಚಾಚಿದಳು. ಎಣ್ಣೆಯಲ್ಲಿ ಅಂಟಿಕೊಂಡ ಗಿಡ್ಡ ಗಿಡ್ಡ ಕೂದಲು. ಹತ್ತೋ ಹನ್ನೆರಡೋ. ಚೀಟಿ ನನಗೆ ಬಾಯಿಪಾಠ. ಉದುರುತ್ತದೆ, ಗಾಬರಿ ಬೇಡ. ಆದರೂ ಅಳು ಬಂತು, ತಡೆಯಲು ಆಗಲಿಲ್ಲ. ನನ್ನ ತಲೆಯ ಮೇಲೆ ಏನೂ ನಿಲ್ಲುವುದಿಲ್ಲ ಎಂದು ಅತ್ತೆ.

ಅಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ನನ್ನ ಬೆನ್ನ ಹಿಂದಿನಿಂದಲೇ ಹೇಳಿದಳು — "ಅಳಬ್ಯಾಡ ಕಣಮ್ಮ. ನಂದೂ ಇಂಗೇ ಬಿದ್ದೋಯ್ತು, ಅದಿನೆಂಟನೇ ದಿನಕ್ಕೆ. ಅದು ಬಿದ್ ಮ್ಯಾಲೇ ನಿಂದು ಇಡ್ಕಂಡಿದ್ದು."

ತಿರುಗಿ ನೋಡಿದೆ. ಅವಳು ಕೂದಲನ್ನೇ ನೋಡುತ್ತಿದ್ದಳು.

ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ. ಡ್ರೆಸ್ಸಿಂಗ್ ಬಿಚ್ಚಿದಾಗ ಅವಳೇ ಪಕ್ಕದಲ್ಲಿದ್ದಳು, ಅದು ಹತ್ತಿಬಟ್ಟೆಯ ಜೊತೆಯಲ್ಲೇ ಎದ್ದು ಬಂತಂತೆ. ಆಮೇಲೆ ನನ್ನ ತೊಡೆಯಿಂದ ತೆಗೆದರು. ನೀರು ಹಾರಿದ್ದು ಎಂದು ಹೇಳಿದ್ದು ಅವಳದೇ ಸುಳ್ಳು. ಅಪ್ಪನಿಗೂ ಹೇಳಲಿಲ್ಲವಂತೆ. ಯಾಕೆ ಎಂದು ಕೇಳಿದೆ.

"ಎಸರು ಬಿದ್ ಮ್ಯಾಲೆ ನೀನು ನನ್ ಕಂಡ್ರೆ ಕಿರುಚ್ತಿದ್ದೆ. ಮೈ ಮುಟ್ಟಕ್ ಬಿಡ್ತಿರ್ಲಿಲ್ಲ. ನಿನ್ ತಲೆ ಮ್ಯಾಲಿರೋದು ಅಮ್ಮಂದು ಅಂದ್ ಮ್ಯಾಲೆ ಕೈ ಇಡಕ್ ಬಿಟ್ಟೆ. ಅದೂ ಬಿದ್ದೋಯ್ತು ಅಂತ ಯಾವ ಬಾಯಲ್ಲಿ ಏಳ್ಲಿ?"

ಹಾಗಾದರೆ ಮೊನ್ನೆ ಕೂದಲು ಕೊಡಲು ಯಾಕೆ ಬಂದೆ ಎಂದೆ. ಇಷ್ಟು ವರ್ಷ ಆಯಿತಲ್ಲ, ಡಾಕ್ಟರುಗಳು ಈಗ ಏನಾದರೂ ಕಂಡುಹಿಡಿದಿರುತ್ತಾರೆ ಅಂದುಕೊಂಡಳಂತೆ.

ನನಗೂ ಗೊತ್ತಿತ್ತು ಎಂದು ಹೇಳಿದೆ. ಅವಳು ತಲೆಯಾಡಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಬಿಸಿನೀರು ಅಪ್ಪನೇ ತಂದು ಇಟ್ಟರು.

ಅಕ್ಟೋಬರ್ ೧೩, ಭಾನುವಾರ

ಸುತ್ತ ಹಚ್ಚಿದಳು. ಅಲ್ಲಿ ಮಾತ್ರ ಮುಟ್ಟಲಿಲ್ಲ. ಇದು ನಂದು ಎನ್ನಲಿಲ್ಲ.

ಅಕ್ಟೋಬರ್ ೨೦

ಇವತ್ತೂ ಇಲ್ಲ. ಕೂದಲು ಉದುರಿದ್ದಕ್ಕಿಂತ ಇದು ನೋಯುತ್ತದೆ.

ಡಿಸೆಂಬರ್ ೮

ಹಬ್ಬ, ಮದುವೆ, ಹೊಲಿಗೆ. ಬರೆಯಲು ಆಗಲಿಲ್ಲ. ಸುಳ್ಳು — ಬರೆಯಲು ಮನಸ್ಸಿರಲಿಲ್ಲ. ಭಾನುವಾರದ ಎಣ್ಣೆ ನಡೆಯುತ್ತದೆ, ಬೋಳಿನ ಸುತ್ತ ಬೆರಳು ಪ್ರದಕ್ಷಿಣೆ ಹಾಕಿ ಬರುತ್ತದೆ. ಕೇಳಲು ಬಾಯಿ ಬರುವುದಿಲ್ಲ. ಆರು ವರ್ಷದ ಹುಡುಗಿ ಕಿರುಚಿದ್ದು ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ. ಏನೂ ಸಿಗುವುದಿಲ್ಲ. ಬಿಳಿ ಬೆಳಕು, ಫಿನಾಯಿಲ್ ವಾಸನೆ, ತಲೆಯ ಮೇಲೊಂದು ಅಂಗೈ. ನನ್ನ ನೆನಪು ಆ ಅಂಗೈಯಿಂದಲೇ ಶುರು.

ಜನವರಿ ೧೯, ೨೦೨೫, ಭಾನುವಾರ

ಬೆಳಿಗ್ಗೆ ಬಾಚಣಿಗೆಗೆ ಏನೋ ತಡೆಯಿತು. ಬೆರಳು ಇಟ್ಟೆ. ಸಣ್ಣಗೆ ಚುಚ್ಚಿತು. ಕನ್ನಡಿ ಸಾಲಲಿಲ್ಲ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಇದ್ದಾವೆ. ಒಂದಷ್ಟು ಸೊಟ್ಟಗೆ, ಒಂದಷ್ಟು ನೆಟ್ಟಗೆ, ಇದ್ದಾವೆ.

ಎಣ್ಣೆಗೆ ಕೂತಾಗ ಅಮ್ಮನ ಕೈ ಎಂದಿನ ಹಾಗೆ ಸುತ್ತು ಹಾಕಿ ಹೊರಟಿತು. ಹಿಡಿದುಕೊಂಡೆ. ಎಳೆದು ಅಲ್ಲಿ ಇಟ್ಟುಕೊಂಡೆ. ನಿನ್ನ ಪಾಲಿಗೆ ಯಾಕೆ ಹಚ್ಚುತ್ತಿಲ್ಲ ಎಂದೆ. ಅದು ನಂದಲ್ಲವಲ್ಲ ಎಂದಳು, ಸಣ್ಣ ದನಿಯಲ್ಲಿ.

"ಅದಿನೆಂಟು ದಿನ ನನ್ ತಲೆ ಕಾದಿದ್ದು ಯಾರಮ್ಮ, ಪಕ್ಕದ್ ಮನೆಯವ್ರಾ?"

ಮೊದಲು ನಕ್ಕಳು. ಆಮೇಲೆ ನನ್ನ ಕತ್ತಿನ ಮೇಲೆ ಬೆಚ್ಚಗೆ ಒಂದು ಹನಿ ಬಿತ್ತು, ಎಣ್ಣೆ ಅಲ್ಲ. ಕೈ ಮಾತ್ರ ತೆಗೆಯಲಿಲ್ಲ. ಹಾಲಿನ ಹೊತ್ತು ಮೀರಿತು, ಅಪ್ಪನೇ ಡೈರಿಗೆ ಹೋದರು.

ಜನವರಿ ೨೩, ಸಂಜೆ ಏಳು

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಎಡಗಡೆ. ಐವತ್ತು ಕೂದಲಿನಿಂದ ಏನೂ ಮುಚ್ಚುವುದಿಲ್ಲ, ಬೋಳು ಬೋಳೇ. ಗಾಳಿ ನೇರ ಅಲ್ಲಿಗೇ ಬಂತು. ತಣ್ಣಗಿತ್ತು. ದಿಬ್ಬದ ಬಣ್ಣ ಇವತ್ತು ಹಾಲಿನಲ್ಲಿ ಅರಿಶಿನ ಬೆರೆಸಿದ ಹಾಗೆ... ಪಕ್ಕದವಳು ಒಂದು ಸಲ ನೋಡಿ, ಟೊಮೇಟೊ ಬುಟ್ಟಿ ಸರಿಮಾಡಿಕೊಂಡು ನಿದ್ದೆ ಹೋದಳು. ಇಷ್ಟೇನಾ? ಇಷ್ಟಕ್ಕೆ ನಾನು ಇಷ್ಟು ವರ್ಷ ನಿಂತೇ ಬಂದೆನಾ?

ಒಳಗೆ ಎಸರು ಕುದಿಯುವ ಸದ್ದು. ಹೇಳಿಸಿಕೊಳ್ಳುವ ಮೊದಲೇ ಪುಸ್ತಕ ಎತ್ತಿಕೊಂಡು ಜಗಲಿಗೆ ಬಂದು ಕೂತಿದ್ದೇನೆ, ಅಭ್ಯಾಸಬಲ. ಅಮ್ಮ ಕೂಗುತ್ತಿದ್ದಾಳೆ. ಆಚೆ ಓಗು ಅಂತಲೇ ಇರಬೇಕು. ಆಚೆಯೇ ಇದ್ದೇನಲ್ಲ.

ಅಲ್ಲ.

"ಒಳಕ್ ಬಾರಮ್ಮ. ಈ ಕಡೆ ನೀನ್ ಇಡ್ಕ, ಎಸರು ಇಳಿಸಾನ."

ಹೋಗ್ತೀನಿ. ಪೆನ್ ಮುಚ್ಚಳ ಎಲ್ಲಿ ಹೋಯ್ತೋ, ಹೋಗ್ಲಿ, ನಾನು