ಕಳ್ಳಿಯ ಹಾಲು

ರೀ,

ರಾತ್ರಿ ಪಾಳಿ ಮುಗಿಸಿ ಕುಡತಿನಿಯಿಂದ ಬಂದವರು ಗಾಬರಿಯಾಗಬೇಡಿ. ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ, ನಮ್ಮ ಅಂಜನಾಗೆ ಕನ್ನಡಕ ಮಾಡಿಸಿದ್ದಲ್ಲಿಗೆ.

ಕುರುಗೋಡಿನ ನಿಮ್ಮ ತಂಗಿ ಅಂಗಳದಲ್ಲಿ ನೆಡಲು ಕಡ್ಡಿಗಳ್ಳಿ ಕೇಳಿದ್ದಳಲ್ಲ, ನಿನ್ನೆ ಸಂಜೆ ಅತ್ತೆ ತಾವೇ ಕಡಿದಿದ್ದಾರೆ. ಮೂರು ಭಾನುವಾರದಿಂದ ನೀವು “ನಾ ಕಡೀತೀನಿ ಬಿಡಬೇ” ಅನ್ನುತ್ತಲೇ ಇದ್ದಿರಿ. ಹಾಲು ಎಡಗಣ್ಣಿಗೆ ಸಿಡಿದಿದೆ. ನೀರಲ್ಲಿ ತೊಳೆಯುವುದು ಬಿಟ್ಟು, ನನಗೂ ಹೇಳದೆ, ಹರಳೆಣ್ಣೆ ಬಿಟ್ಟುಕೊಂಡು ಮಲಗಿಬಿಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ ರೆಪ್ಪೆ ಬಿಚ್ಚಲಾಗುತ್ತಿಲ್ಲ.

ಕಟ್ಟೆಯ ಮೇಲಿನ ಕುಡುಗೋಲು, ಟವಲ್ ಮುಟ್ಟಬೇಡಿ, ಹಾಲು ಅಂಟಿದೆ. ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯುವವರೆಗೂ ಮುಖ ಒರೆಸಿಕೊಳ್ಳಬೇಡಿ.

ಸಿಟ್ಟಿನಲ್ಲಿ ಗಿಡ ಕಿತ್ತೀರಿ ಮತ್ತೆ! ನಮ್ಮ ಬಿಸಿಲಿಗೆ ವರ್ಷವಿಡೀ ಹಸಿರಾಗಿ ನಿಲ್ಲುವುದು ಅದೊಂದೇ. ಕಡಿದ ತುಂಡುಗಳನ್ನು ನೆರಳಿಗೆ ಸರಿಸಿ. ತುದಿ ಒಣಗುವ ತನಕ ನೆಡುವಂತಿಲ್ಲ, ನೀರೂ ಬೇಡ.

“ಶಶಿಗೆ ಹೇಳಬ್ಯಾಡ, ದುಡಿದು ದಣಿದು ಬಂದಿರ್ತಾನ, ಮಲಗ್ಲಿ” ಅಂದರು ಅತ್ತೆ. ಹಾಗೆ ಅಂದವರು ಹೊಸ್ತಿಲು ದಾಟುವಾಗ ಬಲಗಣ್ಣಲ್ಲೂ ನೀರು ಸುರಿದು ದಾರಿ ಕಾಣದೆ ನನ್ನ ಭುಜ ತಡವಿದರು. ನಿದ್ದೆ ಆಮೇಲಾದರೂ ಮಾಡಬಹುದು. ಬನ್ನಿ.

ದಾಕ್ಷಾಯಣಿ