ಸೋಸಲೆಯ ಡೀಸೆಲ್ ಜೀಪು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ನಾಟಕದ ಅರಮನೆ ಪರದೆ ಒರೆಸಿದ್ದೇ ಕೆಲಸ. ಮಣ್ಣು ಅರ್ಧ ಹೋಯಿತು, ಅದರ ಜೊತೆ ಬಣ್ಣವೂ ಒಂದಿಷ್ಟು ಹೋಯಿತು. ಅಪ್ಪ ಬಂದು ನೋಡಿದರು. ಬ್ರಷ್ ತರಲು ಒಳಗೆ ಹೋದರು. ಈ ಪರದೆ ಬರೆದದ್ದು ಅವರೇ. ನಂಜನಗೂಡಿನ ಸುತ್ತ ಸೀನರಿ ಚನ್ನಯ್ಯ ಅಂದರೆ ಗೊತ್ತಿಲ್ಲದವರಿಲ್ಲ.

ಶನಿವಾರದ್ದನ್ನು ಬರೆದಿಡದಿದ್ದರೆ ಸಿಟ್ಟು ಇಳಿಯುವುದಿಲ್ಲ. ಚಿಕ್ಕಯ್ಯನಛತ್ರದ ಆಚೆ, ದಿಣ್ಣೆ ಮೇಲಿನ ಊರು. ಅವರ ಪೌರಾಣಿಕ ನಾಟಕಕ್ಕೆ ನಮ್ಮ ಬಾಡಿಗೆ ಸೀನರಿ. ಏರು ಶುರುವಾಗುವಲ್ಲೇ ರಾಚಯ್ಯನ ಬಾಡಿಗೆ ಟೆಂಪೋ ನಿಂತಿತು. ಹಿಂದಿನ ಚಕ್ರ ಗಿರಗಿರ ತಿರುಗಿದ್ದೇ ಬಂತು — ಮುಂದಕ್ಕೆ ಒಂದಡಿ ಇಲ್ಲ. ಕೊನೆಗೆ ಊರಿನವರೇ ಇಳಿದು ಬಂದು ಪರದೆ, ಗಳ, ಸಿಂಹಾಸನ ಎಲ್ಲ ತಲೆ ಮೇಲೆ ಹೊತ್ತರು. ಪಾತ್ರಧಾರಿಗಳೂ ಹೊತ್ತರು, ಮುಖಕ್ಕೆ ಬಣ್ಣ ಹಚ್ಚಿಕೊಂಡೇ. ಅರಮನೆ ಪರದೆ ಕಾಲುವೆಗೆ ಬಿತ್ತು.

ರಾಚಯ್ಯ ಇವತ್ತು ಫೋನ್ ಮಾಡಿದ್ದ. ಇನ್ನು ಮೇಲೆ ಟಾರು ರಸ್ತೆ ಇರುವ ಊರಿಗೆ ಮಾತ್ರವಂತೆ. ನಾಟಕ ಆಡುವ ಊರುಗಳು ಟಾರು ಮುಗಿದ ಮೇಲೆಯೇ ಶುರುವಾಗುತ್ತವೆ, ಅದಕ್ಕೇನು ಮಾಡುವುದು.

ತೀರ್ಮಾನ ಮಾಡಿಬಿಟ್ಟೆ. ನಮ್ಮದೇ ಗಾಡಿ. ಸೆಕೆಂಡ್ ಹ್ಯಾಂಡ್ ಸಾಕು. ಡೀಸೆಲ್, ನಾಲ್ಕೂ ಚಕ್ರ ಎಳೆಯಬೇಕು, ಹಿಂದೆ ಹಿತ್ತಲಲ್ಲಿ ಬಿದ್ದಿರುವ ನಮ್ಮ ಹಳೇ ಟ್ರೇಲರ್‌ಗೆ ಹುಕ್ ಇರಬೇಕು. ಹೇಮಂತ್ ತಾಂಡ್ಯದ ಫ್ಯಾಕ್ಟರಿಯಿಂದ ಫಸ್ಟ್ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಹೇಳಿದೆ. ಯಾರು ಓಡಿಸುವುದು ಎಂದು ಕೇಳಿದ. ನಾನು ಅಂದೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ನನ್ನ ಗಂಡನ ಭಾಷೆಯಲ್ಲಿ ಅದು ಒಪ್ಪಿಗೆ.

ಮಾರ್ಚ್ 6, ಗುರುವಾರ

ಮೈಸೂರಿನ ಹಳೇ ಗಾಡಿ ಯಾರ್ಡ್. ಕೆಂಪು ಜೀಪು, ಹೊಸ ಪೇಂಟು, ದಪ್ಪ ಟೈರು. ಯಾರ್ಡಿನವನು ಮಾತಾಡಿದ್ದೆಲ್ಲ ಹೇಮಂತ್ ಜೊತೆ. ಮೇಡಂಗೆ ಕಲರ್ ಹಿಡಿಸಿತಾ ಎಂಬುದನ್ನೂ ಅವನನ್ನೇ ಕೇಳಿದ.

ನಾನು ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿಕೊಂಡು ಗಾಡಿ ಕೆಳಗೆ ಹೋದೆ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ್ದು ಮದುವೆ ಆದ ಮೇಲೆ ಗ್ಯಾಸ್ ಸ್ಟವ್ ರಿಪೇರಿಗೆ ಬಿಟ್ಟು ಬೇರೆ ಯಾತಕ್ಕೂ ಬಂದಿರಲಿಲ್ಲ. ಇವತ್ತು ಬಂತು. ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಶಾಫ್ಟೇ ಇಲ್ಲ! ಒಳಗೆ ಫೋರ್ ವೀಲ್ ಲಿವರ್ ಥಳಥಳ ಹೊಳೆಯುತ್ತಿದೆ. ಕೆಳಗೆ ಖಾಲಿ.

ಎದ್ದು ಕೈ ಒರೆಸಿಕೊಂಡು, ಕಲರ್ ಚೆನ್ನಾಗಿದೆ ಅಂದೆ. ಬಸ್‌ಸ್ಟ್ಯಾಂಡ್‌ವರೆಗೂ ಹೇಮಂತ್ ನಗುತ್ತಲೇ ಬಂದ.

ಮಾರ್ಚ್ 9, ಭಾನುವಾರ

ಸೋಸಲೆ. ಹೇಮಂತ್‌ನ ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದು — ಚಂದ್ರಶೇಖರ್ ಅಂತ, ಜಮೀನ್ದಾರರು, ಹಳೇ ಡೀಸೆಲ್ ಜೀಪು, ಒಬ್ಬರ ಕೈಯಲ್ಲೇ ಓಡಿದ್ದು. ಮಾರುವವರು ಅವರಲ್ಲ, ಅವರ ಹೆಂಡತಿ ಪುಟ್ಟಗೌರಮ್ಮ. ಗಂಡನಿಗೆ ಕಣ್ಣು ಮಂಜಾಗಿದೆ, ಮೊನ್ನೆ ಗೇಟಿನ ಕಂಬಕ್ಕೆ ಗುದ್ದಿದ್ದಾರೆ, ಇನ್ನು ಓಡಿಸುವುದು ಬೇಡ ಎಂದು ಆಕೆಯ ಹಟ. ಕೀ ಕೂಡ ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದಾರಂತೆ.

ಯಾವೂರು, ಯಾರ ಪೈಕಿ ಎಂದು ಪುಟ್ಟಗೌರಮ್ಮ ಕೇಳಿದರು. ಹೇಳಿದೆ. ನಾನು ಅದನ್ನು ಮೆಲ್ಲಗೆ ಹೇಳುವವಳಲ್ಲ. ಆಕೆ ಎದ್ದು ಒಳಗೆ ಹೋದರು. ಕಾಫಿ ಬಂತು. ಎರಡು ಲೋಟ, ಒಂದೇ ತಟ್ಟೆ, ಒಂದೇ ಥರದ ಲೋಟ. ಎದುರಿಗೇ ಕೂತು ಕುಡಿದರು.

ಯಜಮಾನರು ಕೊಟ್ಟಿಗೆ ಕಟ್ಟೆಯ ಮೇಲಿದ್ದರು. ಎತ್ತರದ ಆಳು, ಬಿಳೀ ಪಂಚೆ, ಹೆಗಲಿಗೆ ಟವಲ್. ಮಾರುವ ಮನೆಯವರು ಗಾಡಿಯನ್ನು ಹೊಗಳುತ್ತಾರೆ ಅಂದುಕೊಂಡು ಹೋದರೆ ಇವರು ಬೈಯುವುದಕ್ಕೆ ಶುರು ಮಾಡಿದರು. ಗೇರ್ ಬಾಕ್ಸ್ ಹೋಗಿದೆಯಂತೆ, ಎಂಜಿನ್ ಆಯಿಲ್ ಕುಡಿಯುತ್ತದಂತೆ, ಬೇಸಿಗೆಯಲ್ಲಿ ಕುದಿಯುತ್ತದಂತೆ.

"ನಾಲ್ಕು ಚಕ್ರ ಎಳ್ಯಾದು ಅಂತೀಯಲ್ಲವ್ವ, ಅದು ಸತ್ತು ಎಷ್ಟೋ ವರ್ಸ ಆಯ್ತು. ನಿನ್ನಂಥೋಳಿಗೆ ಮೋಸ ಮಾಡಿ ನಾನ್ಯಾಕೆ ಪಾಪ ಕಟ್ಕಳ್ಳಿ?"

ಈಗಾಗಲೇ ಬಂದವರೆಲ್ಲ ಇದನ್ನು ಕೇಳಿಯೇ ವಾಪಸ್ ಹೋಗಿದ್ದಾರೆ ಎಂದು ಪುಟ್ಟಗೌರಮ್ಮ ಆಮೇಲೆ ಪಿಸುಗುಟ್ಟಿದರು.

ಡ್ರಮ್ಮಿನಿಂದ ಆಕೆ ತೆಗೆದುಕೊಟ್ಟ ಕೀ ಹಾಕಿ ಸ್ಟಾರ್ಟ್ ಮಾಡಿ ಎಂಜಿನ್ ಸದ್ದು ಕೇಳಿದೆ. ಒಂದೇ ಸಲಕ್ಕೆ ಹಿಡಿಯಿತು. ಬಿಳಿ ಹೊಗೆ ಇಲ್ಲ, ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳ ತೆಗೆದರೆ ಹೊಗೆ, ಆಯಿಲ್ ಏನೂ ಉಗುಳುತ್ತಿಲ್ಲ. ಗೇರ್ ಬೀಳುವುದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಇಷ್ಟು ಒಳ್ಳೆ ಜೀಪನ್ನು ಇಷ್ಟು ಕೆಟ್ಟದಾಗಿ ಬೈದವರನ್ನು ನಾನು ಕಂಡಿಲ್ಲ.

ಗುರುವಾರ ಬಂದು ಲೋಡ್ ಎಳೆಸಿ ನೋಡುತ್ತೇನೆ ಎಂದು ಹೇಳಿ ಬಂದೆ. ಯಜಮಾನರ ಮುಖ ನೋಡಬೇಕಿತ್ತು.

ಮಾರ್ಚ್ 10

ಅದೇ ಜೀಪು. ಬೇರೆ ನೋಡುವುದೇ ಇಲ್ಲ. ಕೊಡುವುದಿಲ್ಲ ಅಂದರೂ ಅದೇ.

ಮಾರ್ಚ್ 13, ಗುರುವಾರ, ಸಂಜೆ

ಕೈ ಇನ್ನೂ ಗ್ರೀಸ್ ವಾಸನೆ. ನಿಧಾನವಾಗಿ ಬರೆಯಬೇಕು.

ಅವರ ಮನೆ ಹಿಂದೆಯೇ ಗೊಬ್ಬರದ ಟ್ರೇಲರ್ ಇತ್ತು, ಅರ್ಧ ತುಂಬಿತ್ತು. ಕಟ್ಟಿಕೊಂಡೆ. ಯಜಮಾನರು ತಾವೂ ಬರುತ್ತೇನೆಂದು ಹತ್ತಿ ಪಕ್ಕದಲ್ಲಿ ಕೂತರು. ಹೊಳೆ ಕಡೆ ಇಳಿಸಿದೆ. ಎತ್ತಿನ ದಾರಿ ಮುಗಿದು ಮರಳು. ಹತ್ತು ಮಾರು ಹೋಗಿರಬಹುದು, ಹಿಂದಿನ ಚಕ್ರ ಹೂತುಕೊಂಡಿತು. ಲಿವರ್ ಎಳೆದೆ. ಏನೂ ಆಗಲಿಲ್ಲ. ಅವರು ಹೊಳೆ ನೋಡುತ್ತ ಕೂತಿದ್ದರು, ನಾನು ಹೇಳಿರಲಿಲ್ಲವಾ ಎನ್ನುವ ಹಾಗೆ.

ಇಳಿದೆ. ಹಳೇ ಜೀಪುಗಳಲ್ಲಿ ಮುಂದಿನ ಪ್ರತಿ ಚಕ್ರದ ಮಧ್ಯದಲ್ಲೂ ಒಂದೊಂದು ಬಿಲ್ಲೆ ಇರುತ್ತದೆ. ಅದನ್ನು ಕೈಯಿಂದ ತಿರುಗಿಸಿ ಲಾಕ್ ಮಾಡದಿದ್ದರೆ ಲಿವರ್ ಎಳೆದೂ ಪ್ರಯೋಜನವಿಲ್ಲ. ಬಲಗಡೆಯದು ತಿರುಗಿಸಿದೆ. ಎಡಗಡೆಯದು ತಿರುಗಿಸಿದೆ. ಎರಡೂ ಹಗುರವಾಗಿ ತಿರುಗಿದವು, ಬೆರಳಿಗೆ ಹೊಸ ಗ್ರೀಸ್ ಅಂಟಿತು. ಹತ್ತಿ ಲೋ ಗೇರ್ ಹಾಕಿದೆ. ಗೊಬ್ಬರದ ಟ್ರೇಲರ್ ಸಮೇತ ಜೀಪು ಎಮ್ಮೆ ಎದ್ದ ಹಾಗೆ ಎದ್ದು ಹೊರಟಿತು.

ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಅವರೇ ಕೇಳಿದರು, ಹೇಗೆ ಗೊತ್ತಾಯಿತು ಎಂದು. ಸತ್ತು ಎಷ್ಟೋ ವರ್ಷ ಆದದ್ದಕ್ಕೆ ಯಾರೂ ಹೊಸ ಗ್ರೀಸ್ ಹಾಕಲ್ಲ ಯಜಮಾನ್ರೇ ಅಂದೆ. ಮೊದಲ ಸಲ ನಕ್ಕರು. ನಾನು ಬಿಡಲಿಲ್ಲ. ಇಷ್ಟು ಮುದ್ದಿನಿಂದ ಇಟ್ಟುಕೊಂಡ ಗಾಡಿಯನ್ನು ಬಂದವರೆದುರು ಯಾಕೆ ಬೈಯುತ್ತೀರಿ, ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ನೀವು ಅಂದರೆ ಈಗಲೇ ಎದ್ದು ಬಸ್ ಹತ್ತುತ್ತೇನೆ ಅಂದೆ.

ತುಂಬ ಹೊತ್ತು ಟವಲ್ ಅಂಚು ಮಡಚಿದರು, ಬಿಚ್ಚಿದರು.

"ಎಡಗಣ್ಣು ಪೂರ್ತಿ ಓಗ್ಬುಟ್ಟದೆ ಕಣವ್ವ. ಮಂಜು ಗಿಂಜು ಅಲ್ಲ, ಕತ್ಲೆ. ಕಂಬಕ್ಕೆ ಗುದ್ದಿದ್ನಲ್ಲ, ಆವತ್ತು ಇವಳು ಕಂಬದ ಇಂದೆ ಬಗ್ಗಿ ಗೇಟಿನ ಕಲ್ಲು ತಗೀತಿದ್ಲು. ಬೆನ್ನು ನನ್ ಕಡೀಕೆ ಇತ್ತು. ನಂಗೆ ಕಾಣ್ನೇ ಇಲ್ಲ. ಆ ಕಂಬ ಇಲ್ದೇ ಇದ್ದಿದ್ರೆ…"

ಪುಟ್ಟಗೌರಮ್ಮ ತಿರುಗಿ ನೋಡಿ, ಕಂಬ ಒಡೆದಿರಲ್ಲ ಎಂದು ಬೈದು ಒಳಗೆ ಹೋದರಂತೆ. ಎಷ್ಟು ಹತ್ತಿರ ಬಂದಿತ್ತು ಎಂಬುದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಇವರು ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಜೀಪು ಮಾರಿದರೆ ಊರೆಲ್ಲ ಕುರುಡ ಅನ್ನುತ್ತದೆ, ಮಾರುವುದಿಲ್ಲ ಅಂದರೆ ಹೆಂಡತಿ ಯಾಕೆ ಎಂದು ದಿನಾ ಕೇಳುತ್ತಾಳೆ. ಅದಕ್ಕೇ ಈ ಬೈಗುಳ, ಬಂದವರೇ ಬೇಡ ಅಂದು ಹೋಗಲಿ ಎಂದು.

ನನಗೆ ಹೊಳೆದದ್ದು ಹೇಳಿದೆ. ನಂಜನಗೂಡಿನಿಂದ ಸೀನರಿಯವಳೊಬ್ಬಳು ಬಂದು ಕಾಲು ಹಿಡಿದು ಕಾಡಿದಳು, ಕೊಡದೆ ವಿಧಿಯಿರಲಿಲ್ಲ ಎಂದು ಊರಿಗೆ ಹೇಳಿಕೊಳ್ಳಿ. ನನ್ನದೇನೂ ಹೋಗುವುದಿಲ್ಲ. ಊರಿನ ಮಾತು ಅಲ್ಲಿಗೆ ಮುಗಿಯಿತು. ಮನೆಯವರಿಗೆ ಹೇಳುವುದನ್ನು ನೀವೇ ನೋಡಿಕೊಳ್ಳಬೇಕು.

ಟವಲ್ ಹೆಗಲಿಗೆ ಹಾಕಿಕೊಂಡು, ನಡಿ ಅಂದರು. ವಾಪಸ್ ಬಂದಾಗ ಪುಟ್ಟಗೌರಮ್ಮ ಗೇಟಲ್ಲೇ ನಿಂತಿದ್ದರು. ಇಷ್ಟು ಹೊತ್ತು ಏನು ಮಾತು ಎಂದು ನನ್ನನ್ನು ನೇರವಾಗಿ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಹಕ್ಕಿರಲಿಲ್ಲ. "ಅವರನ್ನೇ ಕೇಳಿ, ಅಮ್ಮ" ಅಂದೆ.

ಮಾರ್ಚ್ 14

ಬೆಳಿಗ್ಗೆಯೇ ಯಜಮಾನರ ಫೋನ್. ಜೀಪು ಮಾರುವುದಿಲ್ಲವಂತೆ. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ಅವರನ್ನೇ ಕೇಳಿ ಅಂದದ್ದು ತಪ್ಪಾಯಿತೇನೋ. ಇಲ್ಲ, ತಪ್ಪಲ್ಲ.

ಮಾರ್ಚ್ 26, ಬುಧವಾರ

ಸೋಸಲೆಯಿಂದ ಸುದ್ದಿಯಿಲ್ಲ. ನಾನೂ ಫೋನ್ ಮಾಡಿಲ್ಲ. ಮಾಡಿದರೆ ಆ ಮನೆಯೊಳಗೆ ಕೈ ಹಾಕಿದ ಹಾಗೆ.

ಏಪ್ರಿಲ್ 6ಕ್ಕೆ ತಲಕಾಡು ಕಡೆಯ ಹೊಳೆದಂಡೆ ಊರಿನ ನಾಟಕ ಒಪ್ಪಿಕೊಂಡಿದ್ದೇನೆ. ಕೊನೆಯ ದಾರಿಯೆಲ್ಲ ಮರಳು. ರಾಚಯ್ಯ ಕೈ ಮುಗಿದ. ಅಪ್ಪ ಟ್ರಾಕ್ಟರ್ ಗೊತ್ತು ಮಾಡು ಅಂತ ದಿನಾ ಹೇಳುತ್ತಾರೆ. ಟ್ರಾಕ್ಟರ್ ಕುಲುಕಾಟಕ್ಕೆ ನಿಮ್ಮ ಪರದೆ ಉಳಿಯುತ್ತದಾ ಎಂದು ಕೇಳಿದೆ. ಟ್ರೇಲರ್‌ಗೆ ಮಾತ್ರ ಹೊಸ ಟೈರ್ ಹಾಕಿಸಿದೆ. ಎಳೆಯುವ ಗಾಡಿ ಎಲ್ಲಿ ಎಂದು ಟೈರ್ ಅಂಗಡಿಯವನು ಕೇಳಿದ. ಬರುತ್ತೆ ಅಂದೆ.

ಬರುತ್ತೆ.

ಏಪ್ರಿಲ್ 1, ಮಂಗಳವಾರ

ಪುಟ್ಟಗೌರಮ್ಮ ಫೋನ್ ಮಾಡಿದರು. ಏಪ್ರಿಲ್ ಒಂದು ಎಂದು ಹೇಮಂತ್ ಕಣ್ಣು ಮಿಟುಕಿಸಿದ. ತಮಾಷೆ ಅಲ್ಲ.

ಯುಗಾದಿ ದಿನ ಬೇವುಬೆಲ್ಲ ಕೊಡುವಾಗ ಯಜಮಾನರು ಹೆಂಡತಿಗೆ ಎಲ್ಲ ಹೇಳಿದರಂತೆ. ಆಕೆಗೆ ಮೊದಲು ಸಿಟ್ಟು ಬಂದದ್ದು ಕಣ್ಣಿನ ವಿಷಯಕ್ಕಲ್ಲ.

"ನಿನ್ ಕೈಲಿ ಏಳವ್ರೆ, ನನ್ ಕೈಲಿ ಏಳ್ನಿಲ್ಲ. ಅದುಕ್ಕೆ ಒಂದಿನ ಪೂರ್ತಿ ಮಾತಾಡ್ನಿಲ್ಲ ನಾನು. ಆಮೇಲೆ ಅಂಗಿ ಒಗ್ಯಕ್ಕೆ ಅಂತ ತಗೊಂಡ್ರೆ ಜೇಬಲ್ಲಿ ಇನ್ನೊಂದು ಕೀ ಅದೆ ಕಣವ್ವ. ಆವತ್ತಿಂದ ಅಲ್ಲೇ ಇತ್ತಂತೆ. ನಾನೊಬ್ಳು ಅಕ್ಕಿ ಡ್ರಮ್ಮು ಕಾಯ್ತಾ ಕೂತಿದ್ದೆ."

ತಾನು ತಡೆದದ್ದರಿಂದ ಗಂಡ ಓಡಿಸಲಿಲ್ಲ ಎಂದು ಆಕೆ ಅಂದುಕೊಂಡಿದ್ದರು. ಬೇಕಾದಾಗೆಲ್ಲ ಓಡಿಸಬಹುದಿತ್ತು. ಅವರಾಗಿಯೇ ಬಿಟ್ಟಿದ್ದರು.

ನಾಡಿದ್ದು ಬಂದು ಜೀಪು ತಗೊಂಡು ಹೋಗು ಅಂದರು. ಬಾಡೂಟ ಮಾಡುತ್ತಾರಂತೆ, ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕಂತೆ.

ಏಪ್ರಿಲ್ 3, ಗುರುವಾರ

ಜೀಪು ನಮ್ಮ ಮನೆ ಮುಂದಿದೆ. ಎರಡು ಸಲ ಕಿಟಕಿಯಿಂದ ನೋಡಿದೆ. ಇದೆ.

ಆರ್‌ಸಿ ವರ್ಗಾವಣೆಗೆ ಯಜಮಾನರು ದುಡ್ಡು ಎಣಿಸಿಕೊಂಡು ಸಹಿ ಹಾಕಿದರು. ಪಕ್ಕದ ಮನೆಯವರಿಬ್ಬರು ನೋಡಲು ಬಂದಿದ್ದರು. ಯಾಕೆ ಕೊಟ್ಟುಬಿಟ್ಟಿರಿ ಎಂದು ಒಬ್ಬರು ಕೇಳಿದರು. ನಾನು ತಯಾರಾಗಿದ್ದೆ, ಕಾಲು ಹಿಡಿದ ಕಥೆ ಹೇಳಲು. ಯಜಮಾನರೂ ಅದನ್ನೇ ಶುರು ಮಾಡಿದರು — ಈ ಹುಡುಗಿ ಬಿಡಲಿಲ್ಲ, ಬೆನ್ನು ಹತ್ತಿದಳು… ಪುಟ್ಟಗೌರಮ್ಮ ಮುದ್ದೆ ಬಡಿಸುತ್ತಿದ್ದವರು ಕೈ ನಿಲ್ಲಿಸಿ ಗಂಡನನ್ನು ನೋಡಿದರು. ಅಷ್ಟೇ, ನೋಡಿದರು. ಯಜಮಾನರು ಮಾತನ್ನು ಅಲ್ಲಿಗೇ ಬಿಟ್ಟು ಊಟ ಮಾಡಿದರು.

ಟಿ. ನರಸೀಪುರದ ಸೇತುವೆ ದಾಟುವಾಗ ಹೇಮಂತ್ ಪಕ್ಕದಲ್ಲಿ ಮೊಬೈಲಲ್ಲಿ ವಿಡಿಯೋ ಮಾಡುತ್ತಿದ್ದ. ಸ್ಟೇರಿಂಗ್ ಸ್ವಲ್ಪ ಭಾರ. ಇನ್ನೊಂದು ವಾರದಲ್ಲಿ ತೋಳಿಗೆ ಒಗ್ಗುತ್ತದೆ. ಹಿಂದಿನಿಂದ ಬಂದ ಬಸ್ಸು ಹಾರ್ನ್ ಮೇಲೆ ಹಾರ್ನ್ ಹಾಕಿತು. ನನ್ನ ಪಾಡಿಗೆ ನಾನು ಬಂದೆ.

ಅಪ್ಪ ಬಾನೆಟ್ ಮೇಲೆ ಕೈ ಆಡಿಸಿ, ಮುಂದೆ ಒಂದು ನವಿಲು ಬರೀಲಾ ಎಂದರು. ಬೇಡ ಅಂದೆ. ಬೇಜಾರಾಯಿತೇನೋ. ಟ್ರೇಲರ್ ಮೇಲೆ ಎಷ್ಟು ಬೇಕಾದರೂ ಬರೆಯಲಿ.

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ

ಸೋಸಲೆ, ಯಜಮಾನರ ಮನೆಯ ಕಟ್ಟೆ. ಅವರು ರೆಡಿ ಆಗುವವರೆಗೆ ಬರೆಯುತ್ತಿದ್ದೇನೆ.

ನಂಜನಗೂಡಿನಿಂದ ತುಂಬಿದ ಟ್ರೇಲರ್ ಎಳೆದುಕೊಂಡು ಬಂದೆ. ಅರಮನೆ, ಕಾಡು, ಬೀದಿ ಮೂರೂ ಪರದೆ, ಸಿಂಹಾಸನ, ಗಳ, ಲೈಟು. ತಿರುವಿನಲ್ಲಿ ಟ್ರೇಲರ್ ಒಂದಿಷ್ಟೂ ಎಳೆದಾಡಲಿಲ್ಲ. ಅಪ್ಪ, ಹೇಮಂತ್ ಬಸ್ಸಲ್ಲಿ ಮುಂದೆ ಹೋಗಿದ್ದಾರೆ, ರಂಗ ಕಟ್ಟಿಸುವುದಕ್ಕೆ.

ಮರಳಿನ ದಾರಿ ತೋರಿಸುತ್ತೇನೆ, ನಾನೂ ಬರುತ್ತೇನೆ ಎಂದು ಯಜಮಾನರೇ ನಿನ್ನೆ ಫೋನ್ ಮಾಡಿ ಹೇಳಿದ್ದರು. ಪುಟ್ಟಗೌರಮ್ಮ ಬರುತ್ತಾರೆಂದು ಗೊತ್ತಿರಲಿಲ್ಲ. ರೇಷ್ಮೆ ಸೀರೆ ಉಟ್ಟು ಬುತ್ತಿ ಚೀಲ ಹಿಡಿದು ಹೊರಗೆ ಬಂದರು. ಅದೇ ಪಕ್ಕದ ಮನೆಯವರು ಬೀದಿಯಲ್ಲಿ ನಿಂತಿದ್ದಾರೆ. ನಾಟಕಕ್ಕಾ, ಜೋಡಿಯಾಗಿ, ಎಂದು ಕೇಳಿದರು.

ಮುಂದಿನ ಸೀಟಲ್ಲಿ ಡ್ರೈವರ್ ಬಿಟ್ಟು ಇಬ್ಬರು ಕೂರಬಹುದು. ಪುಟ್ಟಗೌರಮ್ಮ ಮೊದಲು ಹತ್ತಿ ಒಳಗೆ ಸರಿಯಲು ಹೊರಟರು. ಯಜಮಾನರು ತಡೆದರು.

"ನೀನು ಬಾಗ್ಲು ಕಡೆ ಕೂತ್ಕೊ. ನಂಗೆ ಎಡಗಣ್ಣು ಕಾಣಕಿಲ್ವಲ್ಲ. ಆ ಕಡೆ ಏನೇನು ಬತ್ತದೆ ಏಳ್ತಾ ಬಾ."

ಮೆಲ್ಲಗೆ ಹೇಳಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಪಕ್ಕದ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟಗೌರಮ್ಮ ಏನೂ ಆಗದವರ ಹಾಗೆ ಗಂಡನ ಕೈಗೆ ಬುತ್ತಿ ಚೀಲ ಕೊಟ್ಟು, ಅವರು ಹತ್ತಿ ಕೂತ ಮೇಲೆ ತಾವು ಹತ್ತಿದರು. ಈಗ ಕಬ್ಬಿನ ಗದ್ದೆ, ಯಾರೋ ಹುಲ್ಲು ಹೊತ್ತುಕೊಂಡು ಬರುತ್ತಿದ್ದಾರೆ ಎಂದು ನಿಂತ ಗಾಡಿಯಲ್ಲೇ ಹೇಳಲು ಶುರು ಮಾಡಿದ್ದಾರೆ. ಅವರು ಹೂಂ, ಹೂಂ ಅನ್ನುತ್ತಿದ್ದಾರೆ. ಹುಲ್ಲು ಯಾರದು ಎಂದು ಕೇಳುತ್ತಿ—

ಹಾರ್ನ್. ನನ್ನ ಸೀಟಿನ ಮೇಲಿಂದ ಬಗ್ಗಿ ಒತ್ತುತ್ತಿರುವುದು ಯಜಮಾನರೇ. ಬಂದೆ, ಬಂ