ಮುಖ ಅವಳದು, ಕೈ ನಮ್ಮ ಮಗಳದು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಹಡಗಿನ ಬಾಣಸಿಗರಿಗೆ,

ಹೇಗಿದ್ದೀರಿ? ಮೊಣಕಾಲು ನೋವು ಇಳಿಯಿತೇ? ಕೊಟ್ಟು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯ ತಳಕ್ಕೆ ಹಾಕಿ ಮರೆತಿದ್ದೀರೋ? ಮರೆತಿದ್ದೀರಿ, ನನಗೆ ಗೊತ್ತು. ಇಲ್ಲಿ ನಾನೂ ಮಗಳೂ ಆರೋಗ್ಯ. ಮನಸ್ಸು ಮಾತ್ರ ನೆಟ್ಟಗಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹಡಗು ಹತ್ತುವ ಹೊತ್ತಿಗೆ ಮಗಳನ್ನು ಸಿನಿಮಾಕ್ಕೆ ಆರಿಸಿದ್ದರಲ್ಲ. ಇಬ್ಬರು ಗೆಳತಿಯರ ಕಥೆ. ಒಬ್ಬಳಿಗೆ ಕಿವಿ ಕೇಳುವುದಿಲ್ಲ, ವಾಸಿಯಾಗದ ಕಾಯಿಲೆ ಬಂದು ಸಾಯುತ್ತಾಳೆ. 'ನಿಮ್ಮ ಮಗಳಂಥ ಕಿವಿ ಕೇಳದ ಹುಡುಗಿಯೇ ಬೇಕು' ಎಂದು ಅವರು ಅಂದರೆ, ಆ ಪಾತ್ರ ಇವಳದೇ ಎಂದಲ್ಲವೇ ನಾವು ತಿಳಿಯುವುದು? ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು, ಪಾಪ. ಹೋದ ಮೇಲೆ ತಿಳಿಯಿತು, ಅವರಿಗೆ ಬೇಕಾಗಿದ್ದು ಇವಳ ಕೈ ಮಾತ್ರ. ಪಾತ್ರ ಮಾಡಿದವಳು ಕಿವಿ ಚೆನ್ನಾಗಿಯೇ ಕೇಳುವ ದೊಡ್ಡ ನಟಿ. ಅವಳು ಕೈಸನ್ನೆ ಮಾಡಿದರೆ ನೊಣ ಓಡಿಸಿದ ಹಾಗೆ ಕಾಣುತ್ತಿತ್ತು. ಹಾಗಾಗಿ ಹತ್ತಿರದಿಂದ ತೋರಿಸುವ ಕೈಗಳೆಲ್ಲ ನಮ್ಮವಳದು, ಮುಖ ಅವಳದು. ನಿರ್ದೇಶಕರು ಮಾತ್ರ ಕಂಡ ಕಂಡ ಪತ್ರಿಕೆಯವರ ಮುಂದೆ 'ಎಲ್ಲರನ್ನೂ ಒಳಗೊಂಡ ಸಿನಿಮಾ' ಎಂದು ಹೇಳುತ್ತಾ ಬಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೊರಡೋಣ ಅಂದರೆ ಇವಳೇ ಕೇಳಲಿಲ್ಲ.

ಯಾಕೆಂದು ಕೊನೆಯ ದಿನ ಗೊತ್ತಾಯಿತು. ಅವತ್ತು ಆಸ್ಪತ್ರೆಯ ದೃಶ್ಯ. ಸಾಯುವವಳು ಗೆಳತಿಗೆ 'ಒಂದೇ ಒಂದು ಸಲ ನಿನ್ನ ದನಿ ಕೇಳಬೇಕಿತ್ತು' ಅನ್ನಬೇಕು. ಕ್ಯಾಮೆರಾದ ಪಕ್ಕ ನಿಂತು ನಾನೇ ಆ ಮಾತನ್ನು ಮಗಳಿಗೆ ಕೈಯಲ್ಲಿ ತಿಳಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು. ನಿಮಗೆ ಪಟಾಕಿ ನೆನಪಿದ್ದಾಳಲ್ಲ, ಇವಳ ಹಾಗೇ ಕಿವಿ ಕೇಳದ ಶಾಲೆಯ ಗೆಳತಿ, ಒಂದು ಗಳಿಗೆ ಕೈ ಸುಮ್ಮನಿಡದವಳು? ಅವಳ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಸೂಜಿ ಕಿತ್ತುಕೊಳ್ಳುತ್ತಾಳೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರಂತೆ. ಬೆರಳ ತುದಿಯಲ್ಲೇ 'ಕೈ ಬಿಚ್ಚಿ, ನಾನು ಮಾತಾಡ್ಬೇಕು' ಎಂದು ಕೇಳುತ್ತಲೇ ಇದ್ದಳಂತೆ. ನರ್ಸಮ್ಮ ಚಡಪಡಿಕೆ ಅಂದುಕೊಂಡು ಇನ್ನಷ್ಟು ಬಿಗಿದರು. ಪಕ್ಕದಲ್ಲಿದ್ದ ನಮ್ಮವಳು ಕೈ ಬೀಸಿ ಬೀಸಿ ಹೇಳಿದ್ದೂ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಹುಡುಗಿ ಹಾಗೆಯೇ ಹೋದಳು. ಇಷ್ಟನ್ನೂ ಮಗಳು ನನಗೆ ಆಮೇಲೆ ಹೇಳಿದ್ದು, ಈ ದೃಶ್ಯಕ್ಕೆಂದೇ ಕಾದಿದ್ದಳಂತೆ.

ಕ್ಯಾಮೆರಾ ಓಡುತ್ತಿದ್ದ ಹಾಗೆ ಇವಳು ಅವರು ಬರೆದುಕೊಟ್ಟ ಸಾಲು ಬಿಟ್ಟು ಪಟಾಕಿಯ ಮಾತನ್ನೇ ಆಡಿದಳು. ಅಲ್ಲಿ ನನ್ನೊಬ್ಬಳ ಹೊರತು ಯಾರಿಗೂ ಅರ್ಥವಾಗಲಿಲ್ಲ. 'ಎಷ್ಟು ಚೆನ್ನಾಗಿ ಬಂತು, ಸರಿಯಾಗಿದೆ ತಾನೆ?' ಎಂದು ನಿರ್ದೇಶಕರು ಕಣ್ಣೊರೆಸಿಕೊಂಡರು. ಸರಿಯಾಗಿದೆ ಅಂದೆ. ಈಗ ಸಿನಿಮಾ ತೆರೆಗೆ ಬರುವುದರಲ್ಲಿದೆ. ನಂಬಿ ಕೆಲಸ ಕೊಟ್ಟವರಿಗೆ ಸುಳ್ಳು ಹೇಳಿದೆನಲ್ಲ ಎಂದು ಒಮ್ಮೆ, ಹೇಳಿದ್ದೇ ಸರಿ ಎಂದು ಇನ್ನೊಮ್ಮೆ ಅನಿಸುತ್ತದೆ. ಗೊತ್ತಾದರೆ ಮಗಳನ್ನು ಮತ್ತೆ ಯಾರು ಕರೆಯುತ್ತಾರೆ ಹೇಳಿ.

ಕಾಲು ನೋಡಿಕೊಳ್ಳಿ. ಹಡಗಿಗೆಲ್ಲ ಬಡಿಸಿ ನೀವು ತಣ್ಣಗಾದದ್ದನ್ನು ತಿನ್ನುವ ಬುದ್ಧಿ ಬಿಡಿ. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ಇತಿ,
ನಿಮ್ಮ ಬಾಯಿಬಡಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿರ್ದೇಶಕರ ಫೋನ್ ಬಂತು. ತೆರೆಗೆ ಬರುವ ಮೊದಲೇ ಸಿನಿಮಾ ನೋಡಿದ ಕಿವುಡರೊಬ್ಬರು, ಕೈ ಬೇರೆಯೇ ಮಾತು ಹೇಳುತ್ತಿದೆ ಎಂದು ತಿಳಿಸಿದ್ದಾರೆ. 'ನಾಳೆ ಬಂದು ಸರಿ ಮಾಡ್ಕೊಡಿ, ಇಲ್ಲಾಂದ್ರೆ ಬೇರೆ ಕೈ ಹುಡುಕ್ತೀವಿ' ಅಂದರು. ಫೋನ್ ಪಕ್ಕಕ್ಕಿಟ್ಟು ಮಗಳಿಗೆ ತಿಳಿಸಿದೆ. ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ತುರುಕಿ ಕೂತುಬಿಟ್ಟಳು. ಬೇಡಿಕೊಂಡರೂ ತೆಗೆಯಲಿಲ್ಲ. ನಾವು ಬರುವುದಿಲ್ಲ ಎಂದು ನಾನೇ ಹೇಳಿ ಫೋನ್ ಇಟ್ಟೆ, ಅವಳಿಗೂ ಹೇಳಿದೆ. ಆಗ ಕೈ ಹೊರಗೆ ಬಂತು. ಮೊದಲು ಕೇಳಿದ್ದು, 'ಅಪ್ಪ ಬೈತಾರಾ?' ಇದಕ್ಕೆ ಉತ್ತರ ನೀವೇ ಬರೆಯಿರಿ, ಅವಳ ಹೆಸರಿಗೆ.